ಎಷ್ಟು ಕೆಜಿ ತಾಮ್ರ?

ತಪ್ಪು ನನ್ನದೇ. ಹಾಲು ತರೋಕೆ ಹೋದವಳು ಹಾಲು ತಗೊಂಡು ವಾಪಸ್ ಬರಬೇಕಿತ್ತು. ಮೊಬೈಲ್ ತೆಗೆದು ವಿಡಿಯೋ ತೋರಿಸೋ ಉಸಾಬರಿ ನನಗ್ಯಾಕೆ ಬೇಕಿತ್ತು?

ಜೂನ್ ಮೊದಲ ವಾರ ಅಪ್ಪಯ್ಯ ಊರಿಂದ ಕಳಿಸಿದ ವಿಡಿಯೋ ಅದು. ತೋಟಕ್ಕೆ ಮೊದಲ ಸಲದ ಔಷಧಿ ಹೊಡೆಯುತ್ತಿದ್ದಾರೆ. ಕೊನೆಗಾರ ತಿಮ್ಮಪ್ಪ ಅಡಿಕೆ ಮರದ ತುದಿಯಲ್ಲಿ ಕೂತು, ಒಂದು ಕೈಯಲ್ಲಿ ಪೈಪು ಹಿಡಿದು, ಸುತ್ತಲಿನ ಮರಗಳ ಕೊನೆಗೆಲ್ಲ, ಅಂದರೆ ಅಡಿಕೆ ಗೊನೆಗಳಿಗೆಲ್ಲ, ನೀಲಿ ನೀರು ಚಿಮ್ಮಿಸುತ್ತಿದ್ದಾನೆ. ಕೆಳಗೆ ಡ್ರಮ್ಮಿನ ಪಕ್ಕ ಹಾಳೆ ಟೊಪ್ಪಿ ಹಾಕಿಕೊಂಡ ಅಪ್ಪಯ್ಯ. ಕೈ, ಕಾಲು, ಪಂಚೆ ಎಲ್ಲಾ ನೀಲಿ. ಹಿಂದೆ ಎಲ್ಲೋ ಅಮ್ಮ 'ಕಾಫಿ ಆರಿ ಹೋಯ್ತು' ಅಂತ ಕೂಗುವುದು ಕೇಳುತ್ತದೆ. ಆ ಒಂದು ಕೂಗಿಗಾಗಿ ನಾನು ಅದನ್ನು ಇಪ್ಪತ್ತು ಸಲ ನೋಡಿರಬಹುದು.

ಅದನ್ನೇ ಹಾನ್ಸಜ್ಜನಿಗೆ ತೋರಿಸಿದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಹತ್ತಿರದ ಈ ಹಳ್ಳಿಯಲ್ಲಿ ನಮಗೆ ಹಾಲು ಕೊಡೋರು ಅವರು. ಎಪ್ಪತ್ತೆಂಟು ವರ್ಷ. ಹತ್ತು ದನ, ಚೆರಿ ಮರಗಳು, ಗುಡ್ಡದ ಇಳಿಜಾರಲ್ಲಿ ನಾಲ್ಕು ಸಾಲು ದ್ರಾಕ್ಷಿ. ಸಾವಯವದವರು. 'ನಮ್ಮಪ್ಪನೂ ನಿಮ್ಮ ಹಾಗೇ, ಯೂರಿಯಾ ಮುಟ್ಟಿ ಇಪ್ಪತ್ತೈದು ವರ್ಷ ಆಯ್ತು' ಅಂತ ಜಂಬ ಕೊಚ್ಚಿಕೊಂಡೇ ಮೊಬೈಲ್ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಮರ ಎಷ್ಟು ಎತ್ತರ ಅಂತ ಕೇಳುತ್ತಾರೆ, ತಿಮ್ಮಪ್ಪನ ಧೈರ್ಯಕ್ಕೆ ಬಾಯಿ ಬಿಡುತ್ತಾರೆ ಅಂತ ಕಾಯುತ್ತಿದ್ದೆ.

'ತಾಮ್ರ ಅಲ್ವಾ ಇದು? ಹೆಕ್ಟೇರಿಗೆ ಎಷ್ಟು ಕೆಜಿ?'

ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ನೀಲಿ ಅದು. ಮಳೆಗಾಲದಲ್ಲಿ ಅಡಿಕೆ ಕಾಯಿ ಉದುರಿಸೋ ಕೊಳೆರೋಗಕ್ಕೆ ಔಷಧಿ ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ, ಅಷ್ಟೇ. ಎಷ್ಟು ಅಂತ ಯಾರು ಕೇಳ್ತಾರೆ?

ಹಾನ್ಸಜ್ಜ ನಕ್ಕು, ಅವರ ಅಪ್ಪನ ಬೂಟೂ ಇದೇ ನೀಲಿ ಇತ್ತು ಅಂದರು. ದ್ರಾಕ್ಷಿಗೆ ಹೊಡೆಯುತ್ತಿದ್ದದ್ದು ಇದೇ ಬೋರ್ಡೋ ದ್ರಾವಣ. ಮೂಲ ಫ್ರಾನ್ಸಿನ ಬೋರ್ಡೋ ಕಡೆಯದ್ದು. ದಾರಿಹೋಕರು ಹಣ್ಣು ಕೀಳಬಾರದು ಅಂತ ಅಲ್ಲಿಯ ತೋಟದವರು ರಸ್ತೆ ಬದಿಯ ಬಳ್ಳಿಗೆ ತುತ್ತ-ಸುಣ್ಣ ಬಳಿಯುತ್ತಿದ್ದರಂತೆ. ಬಳಿದ ಬಳ್ಳಿಗೆ ರೋಗ ಬಂದಿಲ್ಲ ಅಂತ ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿದ. 1885ರಲ್ಲಿ ಪ್ರಕಟಿಸಿದ. ಸಾವಯವದವರೂ ಇವತ್ತಿಗೂ ಅದನ್ನೇ ಹೊಡೀತಾರೆ. ಆದರೆ ತಾಮ್ರ ಕೊಳೆಯೋದಿಲ್ಲ, ಆವಿಯಾಗೋದಿಲ್ಲ. ಮಣ್ಣಿನಲ್ಲೇ ಕೂರುತ್ತದೆ. ಜಾಸ್ತಿಯಾದರೆ ಎರೆಹುಳಕ್ಕೆ ಕಷ್ಟ. ಅದಕ್ಕೇ ಯುರೋಪಿಯನ್ ಒಕ್ಕೂಟ ಒಂದು ಹೆಕ್ಟೇರಿಗೆ 7 ವರ್ಷಕ್ಕೆ ಒಟ್ಟು 28 ಕೆಜಿ ದಾಟಬಾರದು ಅಂತ ಮಿತಿ ಹಾಕಿದೆ. ಅಂದರೆ ವರ್ಷಕ್ಕೆ 4 ಕೆಜಿ. ಸ್ವಿಟ್ಜರ್‌ಲೆಂಡಿನಲ್ಲೂ ಬೆಳೆ ನೋಡಿ ಮಿತಿ ಇದೆ.

ಆ ರಾತ್ರಿ ಊರಿಗೆ ಫೋನ್ ಮಾಡಿದೆ.

'ಅಪ್ಪಯ್ಯ, ಎಕರೆಗೆ ಒಂದು ಸಲಕ್ಕೆ ತುತ್ತ ಎಷ್ಟು ಹೋಗ್ತದೆ?'

'ಹತ್ತು ಕೆಜಿ. ಯಾಕೇ?'

ತುತ್ತದಲ್ಲಿ ತಾಮ್ರ ಕಾಲು ಭಾಗ. ಹತ್ತು ಕೆಜಿಗೆ ಎರಡೂವರೆ. ಎರಡು ಸಲ ಹೊಡೆದರೆ ಎಕರೆಗೆ ಐದು. ಹೆಕ್ಟೇರಿಗೆ ಹನ್ನೆರಡು ಚಿಲ್ಲರೆ. ಮಳೆ ಬಿಡದ ವರ್ಷ ಮೂರನೇ ಸಲವೂ ಹೊಡೆಯೋದುಂಟು. ಒಕ್ಕೂಟದ ಮಿತಿಯ ಮೂರು ಪಟ್ಟು, ಕೆಲವು ವರ್ಷ ನಾಲ್ಕು ಪಟ್ಟಿಗಿಂತ ಜಾಸ್ತಿ. ಲೆಕ್ಕ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

'ಕಮ್ಮಿ ಮಾಡಿದ್ರೆ ಕಾಯೆಲ್ಲ ನೆಲಕ್ಕೆ ಬರ್ತದಲೇ ಮಾರಾಯ್ತಿ. ನಿನ್ನ ಹಾನ್ಸ್ ಬಂದು ಹೆಕ್ಕಿ ಕೊಡ್ತಾನಾ?'

ಅದೂ ಸರಿಯೇ. ಬಾಸೆಲ್‌ನಲ್ಲಿ ವರ್ಷಪೂರ್ತಿ ಬೀಳೋ ಮಳೆ 800 ಮಿಲಿಮೀಟರ್ ಚಿಲ್ಲರೆ. ನಮ್ಮ ಹೊಸನಗರದ ಹುಲಿಕಲ್ ಕಡೆ ಜುಲೈ ಒಂದೇ ತಿಂಗಳಲ್ಲಿ ಅದರ ಎರಡು ಪಟ್ಟು ಸುರಿದುಬಿಡುತ್ತದೆ. ಇಲ್ಲಿಯ ಮಿತಿಯನ್ನು ಅಲ್ಲಿಗೆ ಎತ್ತಿಕೊಂಡು ಹೋಗೋಕಾಗಲ್ಲ. ಆದರೆ ಅಲ್ಲಿಗೆ ಎಷ್ಟು ಸರಿ ಅಂತ ನಮ್ಮ ಗದ್ದೆ-ತೋಟದ ಮಣ್ಣು ತೆಗೆದು ವರ್ಷಾನುಗಟ್ಟಲೆ ನೋಡಿದವರು ಯಾರು? ನಮ್ಮ ತೋಟದ ಮಟ್ಟಿಗಂತೂ ಯಾರೂ ಇಲ್ಲ.

ಔಷಧಿ ಕಲೆಸೋ ದಿನ ನಮಗೆ ಚಿಕ್ಕಂದಿನಲ್ಲಿ ಹಬ್ಬ. ಒಂದು ಡ್ರಮ್ಮಿನಲ್ಲಿ ಐವತ್ತು ಲೀಟರ್ ನೀರಿಗೆ ಒಂದು ಕೆಜಿ ತುತ್ತ, ಇನ್ನೊಂದರಲ್ಲಿ ಅಷ್ಟೇ ನೀರಿಗೆ ಒಂದು ಕೆಜಿ ಸುಣ್ಣ. ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯಬೇಕು, ತಿರುಗಾಮುರುಗಾ ಮಾಡಬಾರದು. ಒಬ್ಬರು ಹೊಯ್ಯುತ್ತಾ ಇದ್ದರೆ ಇನ್ನೊಬ್ಬರು ಕೋಲಿನಲ್ಲಿ ತಿರುಗಿಸಬೇಕು. ಆಕಾಶದ ಬಣ್ಣ ಬರುತ್ತದೆ. ಆಮೇಲೆ ಅಪ್ಪಯ್ಯ ಸೊಂಟದ ಕತ್ತಿ ತೆಗೆದು ಅದರಲ್ಲಿ ಅದ್ದುತ್ತಿದ್ದರು. ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಕಬ್ಬಿಣದ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು, ಇನ್ನೊಂದು ಹಿಡಿ ಹಾಕು. ಕೂರದಿದ್ದರೆ ಪಾಸು. ಮಳೆಗೆ ತೊಳೆದು ಹೋಗದ ಹಾಗೆ ರಾಳದ ಅಂಟು. ಇದು ನಾನು ನೋಡಿದ ಮೊದಲ ರಸಾಯನಶಾಸ್ತ್ರ. ಶಾಲೆಯದ್ದು ಆಮೇಲೆ ಬಂತು, ಇಷ್ಟು ಚೆನ್ನಾಗಿರಲಿಲ್ಲ.

ಈ ಔಷಧಿಯನ್ನು ನಮ್ಮ ಅಡಿಕೆಗೆ ತಂದದ್ದೂ ಹೊರಗಿನವರೇ ಅನ್ನೋದು ಮಜಾ. ಲೆಸ್ಲಿ ಕೋಲ್ಮನ್, ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕೊಳೆರೋಗದ ಬೆನ್ನು ಹತ್ತಿದರು. 1910ರಲ್ಲಿ ಅದರ ಬಗ್ಗೆ ಪುಸ್ತಿಕೆಯನ್ನೇ ಬರೆದರು. ರೋಗ ಏನು, ಹೇಗೆ ಹರಡುತ್ತದೆ, ಏನು ಹೊಡೆಯಬೇಕು. ಸಂಸ್ಥಾನ ಸಂಬಳ ಕೊಟ್ಟು ಒಬ್ಬ ವಿಜ್ಞಾನಿಯನ್ನು ಅಡಿಕೆಯ ಹಿಂದೆ ಬಿಟ್ಟಿತು. ನೂರು ವರ್ಷ ದಾಟಿದರೂ ಅದೇ ಉತ್ತರದ ಮೇಲೆ ನಾವು ಬದುಕುತ್ತಿದ್ದೇವೆ. ಅದನ್ನು ಹೊಗಳಿಕೆ ಅನ್ನಬೇಕೋ ಬೈಗುಳ ಅನ್ನಬೇಕೋ ನನಗೆ ಇನ್ನೂ ತೀರ್ಮಾನ ಆಗಿಲ್ಲ.

ನಾವು ಶನಿವಾರ ಸೈಕಲ್ ಹೊಡೆಯೋ ದಾರಿಯಲ್ಲಿ ಟೇರ್‌ವಿಲ್ ಅಂತ ಒಂದು ಊರು ಬರುತ್ತದೆ. ಅಲ್ಲೊಂದು ಹೊಲ ಇದೆ. ಮೊದಲ ಸಲ ನೋಡಿದಾಗ ಯಾರೋ ಬುದ್ಧಿಗೆಟ್ಟವರು ಹೊಲಕ್ಕೆ ಚದುರಂಗದ ಮನೆ ಹಾಕಿದ್ದಾರೆ ಅಂದುಕೊಂಡಿದ್ದೆ. 5 ಮೀಟರ್ ಅಗಲ, 20 ಮೀಟರ್ ಉದ್ದದ 96 ತುಂಡುಗಳು. 1978ರಲ್ಲಿ ಶುರುವಾದ ಪ್ರಯೋಗ, ನಾನು ಹುಟ್ಟೋಕೆ ಐದು ವರ್ಷ ಮೊದಲು. ಸಾವಯವ ಸಂಶೋಧನೆಗೆ ಅಂತಲೇ 1973ರಲ್ಲಿ ಹುಟ್ಟಿದ ಫಿಬಲ್ ಸಂಸ್ಥೆ ಮತ್ತು ಸರ್ಕಾರದ ಆಗ್ರೋಸ್ಕೋಪ್ ಸೇರಿ ನಡೆಸುತ್ತಿವೆ. ಹೆಸರು ಡಿಓಕೆ. ಜರ್ಮನ್ ಹೆಸರುಗಳ ಮೂರು ಅಕ್ಷರ, ಮೂರು ಪದ್ಧತಿ: ಬಯೋಡೈನಮಿಕ್, ಸಾವಯವ, ಮಾಮೂಲಿ ರಾಸಾಯನಿಕ. ಒಂದೇ ಮಣ್ಣು, ಒಂದೇ ಮಳೆ, ಪಕ್ಕಪಕ್ಕದಲ್ಲಿ. ಆಯಾ ಪದ್ಧತಿಯ ರೈತರೂ ಸಲಹೆಗೆ ಕೂರುತ್ತಾರೆ.

21 ವರ್ಷ ಬರೆದಿಟ್ಟ ಮೇಲೆ, 2002ರಲ್ಲಿ ಲೆಕ್ಕ ಹೊರಗೆ ಹಾಕಿದರು. ಸಾವಯವದಲ್ಲಿ ಇಳುವರಿ ಶೇ. 20ರಷ್ಟು ಕಡಿಮೆ. ಗೊಬ್ಬರ ಮತ್ತು ಇಂಧನ ಶೇ. 34ರಿಂದ 53ರವರೆಗೆ ಕಡಿಮೆ. ಕೀಟನಾಶಕ ಶೇ. 97 ಕಡಿಮೆ. ನನಗೆ ಹಿಡಿಸಿದ್ದು ಮೊದಲ ಸಂಖ್ಯೆ. ಸಾವಯವದ ಸಂಸ್ಥೆಯೇ 'ನಮ್ಮಲ್ಲಿ ಬೆಳೆ ಕಡಿಮೆ ಬರುತ್ತದೆ' ಅಂತ ಬರೆದುಕೊಂಡಿದೆ. ನಮ್ಮ ಕಡೆ ಈ ಮಾತು ಕೇಳೋಕೆ ಸಿಗಲ್ಲ. ಒಂದೋ ಸಗಣಿ-ಗಂಜಲದ ಜೀವಾಮೃತ ಹಾಕಿದವನಿಗೆ ಮೂರು ಪಟ್ಟು ಬೆಳೆ, ಇಲ್ಲಾ ಸಾವಯವ ಅನ್ನೋದೇ ಶುದ್ಧ ಬೊಗಳೆ. ನಡುವೆ ನಿಂತು ತೂಕ ಮಾಡಿ ನೋಡೋಣ ಅನ್ನೋರು ಬಹಳ ಕಮ್ಮಿ.

ಹೋದ ಶನಿವಾರ ಅಲ್ಲೇ ಸೈಕಲ್ ನಿಲ್ಲಿಸಿದ್ದೆವು. ಮಗಳಿಗೆ ಒಂಬತ್ತು ವರ್ಷ. ಹೊಲದ ಬದಿಯ ಬೋರ್ಡನ್ನು ಜೋರಾಗಿ ಓದಿದಳು. ಆಮೇಲೆ ಕೇಳಿದಳು:

'ಅಜ್ಜನೂ ಇದನ್ನೇ ಮಾಡ್ತಿದಾರಲ್ವಾ? ಮತ್ತೆ ಅಜ್ಜನ ಬೋರ್ಡ್ ಎಲ್ಲಿದೆ?'

ಅವಳು ಹೇಳಿದ್ದು ಮೂಲೆ ಮರಗಳ ಬಗ್ಗೆ. ನಮ್ಮ ತೋಟದ ಕೆಳಗಿನ ಮೂಲೆಯಲ್ಲಿ ನಲವತ್ತು ಮರಕ್ಕೆ ಅಪ್ಪಯ್ಯ ತುತ್ತ ಹೊಡೆಯೋದಿಲ್ಲ. ಅಲ್ಲಿ ಬಸಿಗಾಲುವೆ ಇನ್ನೊಂದು ಅಡಿ ಆಳ ಮಾಡಿದ್ದಾರೆ. ಕೊನೆಗಳಿಗೆ ಹಳೇ ಕಾಲದ ಹಾಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟಿಸುತ್ತಾರೆ. ಅರ್ಧಕ್ಕೆ ಹಾಳೆಯ ಕೊಟ್ಟೆ, ಅರ್ಧಕ್ಕೆ ಪ್ಲಾಸ್ಟಿಕ್. ಸೊಪ್ಪಿನ ಬೆಟ್ಟದ ದರಗು (ಒಣಗಿದ ಎಲೆ) ಬುಡಕ್ಕೆ ಜಾಸ್ತಿ. ಪ್ರತಿ ಮಳೆಗಾಲ ಬೆಳಿಗ್ಗೆ ಆ ಮೂಲೆಗೆ ಹೋಗಿ ಬಿದ್ದ ಕಾಯಿ ಎಣಿಸುತ್ತಾರೆ. ಬಂದು ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಚೌಕದೊಳಗೆ ಬರೆಯುತ್ತಾರೆ. ಏಕಾದಶಿಯ ಪಕ್ಕ 'ಮೂ. 62'. ನಾಗರಪಂಚಮಿಯ ಪಕ್ಕ 'ಮೂ. 118, ಮಳೆ ಜೋರು'. ಬಣ್ಣದ ಪೆನ್ನಿಲ್ಲ. ಸಿಕ್ಕಿದ ಪೆನ್ಸಿಲ್ಲು.

ವರ್ಷ ಮುಗಿದ ಮೇಲೆ ಅಮ್ಮ ಆ ಕ್ಯಾಲೆಂಡರು ಹರಿದು ಡಬ್ಬಿಗಳ ಕೆಳಗೆ ಹಾಸುತ್ತಿದ್ದಳು. ಎಷ್ಟು ವರ್ಷದ ಸಂಶೋಧನೆ ಹಪ್ಪಳದ ಡಬ್ಬಿ ಕೆಳಗೆ ಹೋಯಿತೋ. ಅಮ್ಮನನ್ನೇನು ಅನ್ನೋದು? ಮನೆಯಲ್ಲಿದ್ದ ಹದಿನೆಂಟು ವರ್ಷ ನಾನೂ ಅದನ್ನು ಒಂದು ಪುಸ್ತಕಕ್ಕೆ ಇಳಿಸಲಿಲ್ಲ. ಇಲ್ಲಿ ಆಫೀಸಿನಲ್ಲಿ ದಿನವಿಡೀ ಬೇರೆಯವರ ಅಂಕಿಅಂಶ ಜೋಡಿಸಿ ಸಂಬಳ ತಗೊಳ್ಳೋದು ನನ್ನ ಕೆಲಸ.

2018ರ ಮಳೆಗಾಲ ನೆನಪಿದೆಯಲ್ಲ? ಮಲೆನಾಡಿನಲ್ಲಿ ಎಲ್ಲರ ತೋಟವೂ ಕೊಳೆಯಿತು. ನಮ್ಮ ಮೂಲೆಯಲ್ಲಿ ಹೆಚ್ಚು ಕಡಿಮೆ ಏನೂ ಉಳಿಯಲಿಲ್ಲ. ಅಪ್ಪಯ್ಯ ಮುಂದಿನ ವರ್ಷವೂ ಆ ನಲವತ್ತು ಮರ ಹಾಗೇ ಬಿಟ್ಟರು. ಅಮ್ಮ ಬೈದಳು. 'ಕೊಟ್ಟಿಗೆಗೆ ಹೊಸ ಹಂಚು ಹಾಕಬೇಕು ಅಂತಿದ್ದೆ, ನಿಮ್ಮ ಮೂಲೆ ತಿಂದು ಹಾಕ್ತು' ಅಂತ. ಹಾನ್ಸಜ್ಜನಿಗೆ ಇದನ್ನು ಹೇಳಿದಾಗ ಅವರಿಗೆ ಅರ್ಥವೇ ಆಗಲಿಲ್ಲ. ಅವರ ಹೊಲದಲ್ಲೂ ಎರಡು ವರ್ಷ ಒಂದು ಪ್ರಯೋಗ ನಡೆದಿತ್ತು. ಸಂಶೋಧಕರೇ ಬಂದು ಬಿತ್ತಿ, ಎಣಿಸಿ, ಬರೆದುಕೊಂಡು ಹೋಗುತ್ತಿದ್ದರು. ಬೆಳೆ ಕಡಿಮೆಯಾದಷ್ಟಕ್ಕೆ ದುಡ್ಡು ಕಟ್ಟಿಕೊಟ್ಟರು. 'ನಿಮ್ಮಪ್ಪನಿಗೆ ಆ ನಲವತ್ತು ಮರದ ದುಡ್ಡು ಯಾರು ಕೊಟ್ಟರು?' ಅಂತ ಕೇಳಿದರು. ಕೊಟ್ಟಿಗೆಯ ಹಂಚು ಅಂತ ಹೇಳೋಣ ಅನ್ನಿಸಿತು. ಜರ್ಮನ್‌ನಲ್ಲಿ ಅದನ್ನು ಹೇಳೋಕೆ ಬರಲಿಲ್ಲ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಕರ್ನಾಟಕ ಸಾವಯವ ಕೃಷಿಗೆ ಅಂತ ನೀತಿ ತಂದದ್ದು 2004ರಲ್ಲೇ. ಶಿವಮೊಗ್ಗದ ನವಿಲೆಯಲ್ಲಿ ಸಾವಯವ ಕೃಷಿ ಸಂಶೋಧನಾ ಕೇಂದ್ರ ಇದೆ, ಅಡಿಕೆ ಸಂಶೋಧನಾ ಕೇಂದ್ರವೂ ಇದೆ. ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕರ ಹೆಸರಿನ ವಿಶ್ವವಿದ್ಯಾಲಯವೇ ಎದ್ದಿದೆ. ತೀರ್ಥಹಳ್ಳಿಯಲ್ಲಿ ಪುರುಷೋತ್ತಮ ರಾಯರು ಕೃಷಿ ಪ್ರಯೋಗ ಪರಿವಾರ ಕಟ್ಟಿದ್ದರು, ಹೆಸರಲ್ಲೇ ಪ್ರಯೋಗ ಇದೆ ನೋಡಿ. ಪುತ್ತೂರಿನ ಅಡಿಕೆ ಪತ್ರಿಕೆ 1988ರಿಂದ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಅಪ್ಪಯ್ಯ ಅದರ ಹಳೇ ಸಂಚಿಕೆಗಳನ್ನು ಡಬ್ಬಿ ಕೆಳಗೆ ಹಾಕೋಕೆ ಬಿಡೋದಿಲ್ಲ.

ಆದರೆ ನಮ್ಮ ಮೂಲೆಗೆ ಬಂದವರು ಒಂದೇ ಸಲ. ಒಂದು ಕಚೇರಿಯಿಂದ ಇಬ್ಬರು. ಮಣ್ಣು ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಕಾಫಿ ಕುಡಿದು ಹೋದರು. ವರದಿ ಬರಲಿಲ್ಲ. ಅಪ್ಪಯ್ಯ ಮೂರು ಸಲ ಹೋಗಿ ಕೇಳಿದರು. ಯೋಜನೆ ಮುಗಿಯಿತು ಅಂದರಂತೆ. ಮೂರೇ ವರ್ಷದ ಯೋಜನೆ. ಅಡಿಕೆ ಸಸಿ ಫಸಲು ಕೊಡೋಕೇ ಐದಾರು ವರ್ಷ ಬೇಕು. ಸಾವಯವ ಪ್ರಮಾಣಪತ್ರದವರೂ ತೋಟದ ಬೆಳೆಗೆ ಮೂರು ವರ್ಷ ಕಾಯಿಸುತ್ತಾರೆ. ಆ ಮೂರು ವರ್ಷ ಇಳುವರಿ ಇಳಿದಿರುತ್ತದೆ, ಬೆಲೆ ಏರಿರುವುದಿಲ್ಲ. ಈಗ ಎಲೆಚುಕ್ಕಿ ರೋಗ ಬೇರೆ ಬಂದು ಕೂತಿದೆ. ಅಕ್ಕಪಕ್ಕದವರು ಕಂಡ ಶಿಲೀಂಧ್ರನಾಶಕವನ್ನೆಲ್ಲ ಹೊಡೆಯುತ್ತಿದ್ದಾರೆ. ಅವರನ್ನು ತಪ್ಪು ಅನ್ನೋ ಹಾಗಿಲ್ಲ. ಹೊಡೆಯಬೇಡಿ ಅನ್ನೋರ ಕೈಯಲ್ಲಿ ಬೇರೆ ಉತ್ತರ ಇರಬೇಕಲ್ಲ.

ಇಲ್ಲಿಯದ್ದು ಸ್ವರ್ಗ ಅಂತ ತಿಳಿಯಬೇಡಿ. 2021ರ ಜೂನ್ 13ರಂದು ಸಿಂಥೆಟಿಕ್ ಕೀಟನಾಶಕ ನಿಷೇಧಿಸಬೇಕಾ ಅಂತ ಇಡೀ ದೇಶ ಮತ ಹಾಕಿತು. ಶೇ. 60ಕ್ಕಿಂತ ಹೆಚ್ಚು ಮತ ಬೇಡ ಅಂತಲೇ ಬಿತ್ತು. ಹಾನ್ಸಜ್ಜ ಬೇಕು, ಅವರ ತಮ್ಮ ಬೇಡ. ಕ್ರಿಸ್‌ಮಸ್‌ವರೆಗೆ ಮಾತು ಬಿಟ್ಟಿದ್ದರಂತೆ. ನಮ್ಮೂರ ದಾಯಾದಿಗಳೇ ಸರಿ.

ಫಿಬಲ್‌ನವರು ಮಧ್ಯಪ್ರದೇಶದಲ್ಲಿ ಹತ್ತಿಯ ಮೇಲೆ 2007ರಿಂದ ಇಂಥದೇ ದೀರ್ಘ ಪ್ರಯೋಗ ನಡೆಸುತ್ತಿದ್ದಾರೆ. ಅದನ್ನು ಅಪ್ಪಯ್ಯನಿಗೆ ಹೇಳಿದೆ. 'ಹತ್ತಿ ಸಲೀಸು ಬಿಡು. ಆಗುಂಬೆ ಮಳೇಲಿ ನಿಂತು ಮಾಡಲಿ ನೋಡಾಣ' ಅಂದರು. ಜಂಬ ನನಗೆಲ್ಲಿಂದ ಬಂತು ಅಂತ ಆಗ ಗೊತ್ತಾಯಿತು.

ಈಗ ವಾರಕ್ಕೊಮ್ಮೆ ಅಮ್ಮ ಕ್ಯಾಲೆಂಡರಿನ ಫೋಟೋ ಕಳಿಸುತ್ತಾಳೆ. ನಾನು ಇಲ್ಲಿ ಕಂಪ್ಯೂಟರಿಗೆ ಏರಿಸುತ್ತೇನೆ. ಹಳೇದರಲ್ಲಿ ಒಟ್ಟು ನಾಲ್ಕು ವರ್ಷದ್ದು ಡಬ್ಬಿಗಳ ಕೆಳಗೆ ಸಿಕ್ಕಿದೆ, ಒಂದರ ಮೇಲೆ ಎಣ್ಣೆ ಕಲೆ. ಮಗಳು ರಟ್ಟಿನಲ್ಲಿ ಬೋರ್ಡ್ ಮಾಡಿದ್ದಾಳೆ. ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ತಗೊಂಡು ಹೋಗಬೇಕಂತೆ. ಮೇಲೆ ದೊಡ್ಡದಾಗಿ 'ಮೂ' ಅಂತ ಬರೆದು, ಕೆಳಗೆ ನಲವತ್ತು ಚುಕ್ಕೆ ಇಟ್ಟಿದ್ದಾಳೆ. ವಿಡಿಯೋ ಕಾಲ್‌ನಲ್ಲಿ ತೋರಿಸಿದಳು. ಅಪ್ಪಯ್ಯ ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

'ಚಂದ ಆಗಿದೆ ಪುಟ್ಟೀ. ಆದ್ರೆ ರಟ್ಟು ನಮ್ಮ ಮಳೆಗೆ ಎರಡು ದಿನ ತಡೆಯಲ್ಲ. ಬಾ, ಅದಕ್ಕೂ ಒಂದು ಕೊಟ್ಟೆ ಕಟ್ಟುವ.'