ಕೊಳದ ವಾಸನೆ ಮತ್ತು ಸಂಘದ ಸಭೆ

ವಸತಿ ಸಂಘದ ಈಜುಕೊಳದಲ್ಲಿ ಮೂಗಿಗೆ ರಾಚುವ ವಾಸನೆ ಬಂದರೆ "ಕ್ಲೋರಿನ್ ಜಾಸ್ತಿ ಸುರಿದಿದ್ದಾರೆ" ಅಂತ ದೂರು ಶುರು. ಸಾಮಾನ್ಯವಾಗಿ ವಿಷಯ ಉಲ್ಟಾ. ಬೆವರು, ಮೂತ್ರದ ಜೊತೆ ಸೇರಿದ ಕ್ಲೋರಿನ್ ಕ್ಲೋರಮೈನ್ ಆಗುತ್ತದೆ. ಕಣ್ಣು ಉರಿಸುವುದು ಅದೇ. ಒಟ್ಟು ಕ್ಲೋರಿನ್‌ನಿಂದ ಮುಕ್ತ ಕ್ಲೋರಿನ್ (ಇನ್ನೂ ಕೊಳೆಯ ಜೊತೆ ಸೇರದೆ ಕೆಲಸಕ್ಕೆ ಉಳಿದಿರುವ ಭಾಗ) ಕಳೆದು, ಉಳಿದದ್ದರ ಸುಮಾರು 10 ಪಟ್ಟು ಕ್ಲೋರಿನ್ ಅನ್ನು ಕೊಳ ಮುಚ್ಚಿದ ಮೇಲೆ, ರಾತ್ರಿ, ಒಂದೇ ಸಲ ಹಾಕಬೇಕು. ಅರ್ಧಂಬರ್ಧ ಹಾಕಿದರೆ ವಾಸನೆ ಹೋಗುವುದೇ ಇಲ್ಲ. ಮುಕ್ತ ಕ್ಲೋರಿನ್ ಮತ್ತೆ ಮಿತಿಗೆ ಇಳಿಯುವವರೆಗೆ ಯಾರನ್ನೂ ನೀರಿಗೆ ಬಿಡಬಾರದು.

ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.2ರಿಂದ 7.8ರೊಳಗಿರಲಿ. 8 ದಾಟಿತೋ, ಕ್ಲೋರಿನ್ ಇದ್ದೂ ಕೆಲಸ ಮಾಡುವುದು ತೀರಾ ಕಡಿಮೆ. ಟ್ರೈಕ್ಲೋರ್ ಎಂಬ ಕ್ಲೋರಿನ್ ಮಾತ್ರೆಗಳನ್ನೇ ನಂಬಿಕೊಂಡರೆ ಅವುಗಳಿಂದ ಸಯನ್ಯೂರಿಕ್ ಆಮ್ಲ (ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ತಡೆಯುವ ವಸ್ತು) ನೀರಿಗೆ ಸೇರುತ್ತಾ ಹೋಗಿ ಕ್ಲೋರಿನ್‌ನ ವೇಗವನ್ನು ಕಟ್ಟಿಹಾಕುತ್ತದೆ. ಆಗ ಸ್ವಲ್ಪ ನೀರು ತೆಗೆದು ಹೊಸ ನೀರು ತುಂಬುವುದೇ ಸುಲಭದ ದಾರಿ.

ಮರಳಿನ ಫಿಲ್ಟರ್ ದಿನವೂ ತೊಳೆಯುವುದು ಶ್ರದ್ಧೆಯಲ್ಲ, ನೀರಿನ ನಷ್ಟ. ತೊಳೆದ ಕೂಡಲೇ ಗೇಜು ತೋರಿಸುವ ಒತ್ತಡಕ್ಕಿಂತ 8–10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡಿದರೆ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆದರೆ, ಸಾಕು. ಕೊಂಚ ಕೊಳೆ ಹಿಡಿದ ಮರಳು ಇನ್ನೂ ಚೆನ್ನಾಗಿ ಸೋಸುತ್ತದೆ.

ಈಜದವರೂ ಈ ಕೊಳಕ್ಕೆ ಹಣ ಕೊಡುತ್ತಾರೆ ಎಂಬುದು ನನ್ನನ್ನು ಆಗಾಗ ಕಾಡುತ್ತದೆ. ಅವರಿಗೆ ಕೊಡಬೇಕಾದ ಮರ್ಯಾದೆ ಎಂದರೆ ಅಂಕಿಗಳು: ದಿನದ ಮುಕ್ತ ಕ್ಲೋರಿನ್, ಪಿಎಚ್, ಗೇಜಿನ ಒತ್ತಡ. ಇವನ್ನು ಬರೆದ ಹಾಳೆ ಗೇಟಿನ ಬಳಿ ತೂಗಲಿ. ಪಂಪ್, ಮರಳು, ಟೈಲ್ಸ್ ಬದಲಿಸುವ ಖರ್ಚು ಮೀಸಲು ನಿಧಿಯಲ್ಲಿ ಬೇರೆ ಬೇರೆ ಸಾಲುಗಳಾಗಿ ಕಾಣಲಿ.