ಹೊಸ ಲ್ಯಾಪ್‌ಟಾಪ್ ಕೊಂಡು ಕರೆಂಟ್ ಉಳಿಸಲು ಹೊರಟಿದ್ದೆ

ನಮ್ಮ ಆಫೀಸಿನಲ್ಲಿ ಲ್ಯಾಪ್‌ಟಾಪ್‌ಗೆ ಮೂರೇ ವರ್ಷ ಆಯುಷ್ಯ. ಕೆಟ್ಟಿರಲಿ, ಚೆನ್ನಾಗಿರಲಿ, ಮೂರು ತುಂಬಿತೆಂದರೆ ಬದಲಿ. ಐಟಿ ವಿಭಾಗದಲ್ಲಿ ಖರೀದಿಯ ಪ್ರಸ್ತಾವನೆ ಬರೆಯುವುದು ನನ್ನ ಕೆಲಸ. ಒಂದು ವರ್ಷ ಮೇಲಿನವರಿಗೆ ಪರಿಸರದ ನೆನಪಾಯಿತು. ಪ್ರತಿ ವಿಭಾಗವೂ ಏನಾದರೊಂದು ‘ಹಸಿರು’ ಕೆಲಸ ತೋರಿಸಬೇಕೆಂದು ಮೇಲ್ ಬಂತು. ನನಗೆ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಹೇಗೂ 200 ಲ್ಯಾಪ್‌ಟಾಪ್ ಬದಲಿಸುವುದಿತ್ತು. ಪ್ಲಗ್ ಮೀಟರ್ (ಸಾಕೆಟ್ಟಿಗೆ ಸಿಕ್ಕಿಸಿ ಯಂತ್ರ ಎಳೆಯುವ ಕರೆಂಟ್ ತೋರಿಸುವ ಸಾಧನ) ಇಟ್ಟು ಅಳೆದಾಗ ಹೊಸ ಮಾದರಿ ಹಳೆಯದಕ್ಕಿಂತ ಸುಮಾರು 5 ವ್ಯಾಟ್ ಕಡಿಮೆ ಎಳೆಯುತ್ತಿತ್ತು. ದಿನಕ್ಕೆ 8 ಗಂಟೆ, ವರ್ಷಕ್ಕೆ 240 ದಿನ, 200 ಯಂತ್ರ. ‘ವರ್ಷಕ್ಕೆ 1,920 ಯೂನಿಟ್ ಉಳಿತಾಯ’ ಎಂದು ದಪ್ಪಕ್ಷರದಲ್ಲಿ ಹಾಕಿ ಕಳಿಸಿದೆ.

ಅಕೌಂಟ್ಸ್‌ನ ಸಹೋದ್ಯೋಗಿ ಪ್ರಿಂಟ್ ಹಿಡಿದುಕೊಂಡೇ ಬಂದರು. “ಸರ್, ಇದು ಓಡೋಕೆ ಹಿಡಿಯೋ ಕರೆಂಟು. ಮಾಡೋಕೆ ಎಷ್ಟು ಹೋಗಿದೆ?” ಅವರು ಕೆಣಕಲು ಕೇಳಿದ್ದಲ್ಲ. ಅಕೌಂಟ್ಸ್‌ನವರ ಲೆಕ್ಕ ವಸ್ತು ಕೊಂಡ ದಿನವೇ ಶುರುವಾಗುತ್ತದೆ. ನನ್ನದು ಸ್ವಿಚ್ ಒತ್ತಿದ ಮೇಲೆ ಶುರುವಾಗಿತ್ತು, ಅಷ್ಟೆ.

ಉತ್ತರ ಹುಡುಕುವುದು ಕಷ್ಟವೇನಲ್ಲ. ದೊಡ್ಡ ತಯಾರಕರು ಪ್ರತಿ ಮಾದರಿಗೂ ಒಂದು ಕಾರ್ಬನ್ ಹಾಳೆ ಪ್ರಕಟಿಸುತ್ತಾರೆ. ಇಷ್ಟು ವರ್ಷ ಬೆಲೆಪಟ್ಟಿಯ ಜೊತೆಯಲ್ಲೇ ಬರುತ್ತಿದ್ದರೂ ನಾನು ತೆರೆದಿರಲಿಲ್ಲ. ನಾವು ಕೊಳ್ಳಲಿದ್ದ ಮಾದರಿಗೆ ಹುಟ್ಟಿನಿಂದ ವಿಲೇವಾರಿಯವರೆಗೆ ಸುಮಾರು 300 ಕಿಲೋ ಇಂಗಾಲದ ಡೈಆಕ್ಸೈಡ್. ಅದರಲ್ಲಿ ಐದರಲ್ಲಿ ನಾಲ್ಕು ಪಾಲು, ಅಂದರೆ 240 ಕಿಲೋ, ತಯಾರಿಕೆಯದೇ. ಡಬ್ಬ ಬಿಚ್ಚುವ ಮೊದಲೇ ಮುಗಿದುಹೋದ ಖರ್ಚು ಅದು.

ಈಗ ನನ್ನ 5 ವ್ಯಾಟ್ ನೋಡೋಣ. ಒಂದು ಲ್ಯಾಪ್‌ಟಾಪ್‌ಗೆ ವರ್ಷಕ್ಕೆ 9.6 ಯೂನಿಟ್ ಉಳಿಯುತ್ತದೆ. ಪೂರಾ ಕಲ್ಲಿದ್ದಲಿನ ಕರೆಂಟ್ ಎಂದೇ ಹಿಡಿದು, ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2014ರ ವರದಿಯ ಮಧ್ಯದ ಅಂಕಿಯಂತೆ ಯೂನಿಟ್‌ಗೆ 820 ಗ್ರಾಂ ಹಾಕಿದರೂ ಎಂಟು ಕಿಲೋ ಮುಟ್ಟುವುದಿಲ್ಲ. 240 ಕಿಲೋ ಸಾಲ ತೀರಲು 30 ವರ್ಷ ಬೇಕು, ನಾವೋ ಮೂರನೇ ವರ್ಷಕ್ಕೆ ಅದನ್ನು ಎಸೆಯುವವರು. ಅದೇ ಆಫೀಸು ಸೌರ ವಿದ್ಯುತ್ತಿನಲ್ಲಿ ನಡೆದರೆ (ಅದೇ ವರದಿಯಲ್ಲಿ ಯೂನಿಟ್‌ಗೆ 48 ಗ್ರಾಂ) ಸಾಲ ತೀರುವ ಹೊತ್ತಿಗೆ ಐನೂರು ವರ್ಷ ದಾಟಿರುತ್ತದೆ. ಕರೆಂಟ್ ಶುದ್ಧವಾದಷ್ಟೂ ‘ಕರೆಂಟ್ ಉಳಿಸಲು ಹೊಸದು ಕೊಳ್ಳೋಣ’ ಎನ್ನುವ ವಾದ ಬಡವಾಗುತ್ತದೆ ಎಂಬುದು ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ.

ಅಷ್ಟೊಂದು ಖರ್ಚು ಎಲ್ಲಿ ಹೋಗುತ್ತದೆ? ಕೈಗೆ ಭಾರ ಅನ್ನಿಸುವ ಅಲ್ಯೂಮಿನಿಯಂ ಮೈಯದೇ ಹೆಚ್ಚಿರಬೇಕು ಎಂದುಕೊಂಡಿದ್ದೆ. ಹಾಳೆ ಬೇರೆಯೇ ಹೇಳಿತು: ದೊಡ್ಡ ಪಾಲು ಮದರ್‌ಬೋರ್ಡ್, ಎಸ್‌ಎಸ್‌ಡಿ (ಚಿಪ್‌ಗಳಲ್ಲೇ ಮಾಹಿತಿ ಇಡುವ ಡಿಸ್ಕ್), ಪರದೆಗಳದು. ಉಗುರಿನಗಲದ ಚಿಪ್ ಒಂದು ಸಿಲಿಕಾನ್ ಬಿಲ್ಲೆಯಿಂದ ಹೊರಬರುವ ಮೊದಲು ನೂರಾರು ಹಂತ ದಾಟಬೇಕು, ತಿಂಗಳುಗಟ್ಟಲೆ ಕೆಲಸ. ಆ ಕೋಣೆಗಳಲ್ಲಿ ಗಾಳಿಯನ್ನು ಹಗಲೂ ರಾತ್ರಿ ಸೋಸುತ್ತಲೇ ಇರಬೇಕು. ಚಿಪ್ ಮಾಡುವ ಯಂತ್ರಗಳ ಒಳಭಾಗ ತೊಳೆಯಲು ನೈಟ್ರೋಜನ್ ಟ್ರೈಫ್ಲೋರೈಡ್‌ನಂಥ ಅನಿಲ ಬಳಸುತ್ತಾರೆ. ಅದು ಒಂದು ಕಿಲೋ ಸೋರಿದರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು 17 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಇವುಗಳಲ್ಲಿ ಯಾವುದೂ ನನ್ನ ಪ್ಲಗ್ ಮೀಟರಿಗೆ ಕಾಣುವಂಥದ್ದಲ್ಲ.

ಪ್ರಸ್ತಾವನೆ ಹಿಂದಕ್ಕೆ ಪಡೆದೆ. ಮುಜುಗರವಾಯಿತು, ಸುಳ್ಳು ಯಾಕೆ ಹೇಳಲಿ. ಮೂರು ವರ್ಷವನ್ನು ಐದು ಮಾಡಿದೆವು: ಬ್ಯಾಟರಿ ಬದಲಿಸಿದೆವು, ಬೇಕಾದವರಿಗೆ ರ್‍ಯಾಮ್ ಹಾಕಿದೆವು, ಫ್ಯಾನಿನ ಧೂಳು ತೆಗೆದೆವು. ‘ನಂದು ತುಂಬಾ ಸ್ಲೋ’ ಎಂದು ಬಂದ ದೂರುಗಳಲ್ಲಿ ಎಷ್ಟೋ ಈ ಧೂಳಿನವೇ. ಎಲ್ಲವನ್ನೂ ಉಳಿಸಲಾಗಲಿಲ್ಲ. ಕೆಲವಕ್ಕೆ ಬ್ಯಾಟರಿ ಉಬ್ಬಿತ್ತು, ಕೆಲವಕ್ಕೆ ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿತ್ತು. ಇನ್ನು ಕೆಲವು ಗಟ್ಟಿಮುಟ್ಟಾಗಿದ್ದರೂ ಅವುಗಳ ಆಪರೇಟಿಂಗ್ ಸಿಸ್ಟಂಗೆ ಭದ್ರತಾ ಅಪ್‌ಡೇಟ್ ನಿಂತಿತ್ತು, ಹೊಸ ಆವೃತ್ತಿ ಆ ಪ್ರೊಸೆಸರ್ ಮೇಲೆ ಕೂರುತ್ತಿರಲಿಲ್ಲ. ಯಂತ್ರ ಸಾಯದೆ ಸಾಫ್ಟ್‌ವೇರ್ ಸತ್ತರೆ ಸ್ಕ್ರೂಡ್ರೈವರ್ ಹಿಡಿದು ಏನೂ ಮಾಡಲಾಗದು.

ಹೊರಗೆ ಹಾಕಿದವುಗಳದ್ದು ಇನ್ನೊಂದು ಕಥೆ. ಅಲ್ಲಿಯವರೆಗೆ ಮಾಹಿತಿ ಸೋರಬಾರದೆಂದು ಪ್ರತಿ ಡಿಸ್ಕಿಗೂ ಡ್ರಿಲ್ ಇಟ್ಟು ತೂತು ಕೊರೆಯುತ್ತಿದ್ದೆವು. ಡಿಸ್ಕ್ ಇಲ್ಲದ ಲ್ಯಾಪ್‌ಟಾಪನ್ನು ಯಾರೂ ಮರುಬಳಕೆಗೆ ಒಯ್ಯುತ್ತಿರಲಿಲ್ಲ, ಗುಜರಿಗೇ ಹೋಗುತ್ತಿತ್ತು. ಎನ್ಕ್ರಿಪ್ಟ್ ಆದ, ಅಂದರೆ ಮಾಹಿತಿಯನ್ನು ಗುಪ್ತಲಿಪಿಯಲ್ಲಿ ಇಟ್ಟಿರುವ ಎಸ್‌ಎಸ್‌ಡಿಯಲ್ಲಿ ಅದನ್ನು ಬಿಡಿಸುವ ಕೀಲಿಯನ್ನು ಅಳಿಸಿದರೆ ಒಳಗಿನ ಮಾಹಿತಿ ಓದಲು ಬಾರದಂತಾಗುತ್ತದೆ, ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ 800-88 ಮಾರ್ಗಸೂಚಿಯೂ ಈ ವಿಧಾನವನ್ನು ಒಪ್ಪುತ್ತದೆ ಎಂದು ಭದ್ರತಾ ವಿಭಾಗವನ್ನು ಒಪ್ಪಿಸಲು ನನಗೆ ನಾಲ್ಕು ಮೀಟಿಂಗ್ ಹಿಡಿಯಿತು. ವಿಶ್ವಸಂಸ್ಥೆಯ ಇ-ತ್ಯಾಜ್ಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಸಂಸ್ಕರಣೆಗೆ ಹೋಗಿದ್ದಕ್ಕೆ ದಾಖಲೆಯಿರುವುದು 22.3 ಶೇಕಡಾಕ್ಕೆ ಮಾತ್ರ. ತೂತು ಕೊರೆದು ನಾನು ಕಳಿಸಿದವು ಯಾವ ಪಾಲಿಗೆ ಸೇರಿದವೋ.

ಇಷ್ಟಾದ ಮೇಲೆ ‘ಹಳೆಯದನ್ನು ಬಿಡಬೇಡ’ ಎನ್ನುವ ಪಂಗಡಕ್ಕೆ ಸೇರಿಬಿಟ್ಟಿದ್ದೆ. ಅಲ್ಲಿ ಎರಡನೇ ಸಲ ಎಡವಿದೆ.

ಒಳಕೋಣೆಯಲ್ಲಿ ಹತ್ತು ವರ್ಷದ ಸರ್ವರ್ ಒಂದಿತ್ತು. ಹಳೆಯ ಹಾಜರಾತಿ ಸಾಫ್ಟ್‌ವೇರ್ ಬಿಟ್ಟರೆ ಅದರಲ್ಲಿ ಏನೂ ಇಲ್ಲ. ‘ಇನ್ನೂ ಓಡುತ್ತಿದೆಯಲ್ಲ’ ಎಂದು ಹೆಮ್ಮೆಯಿಂದಲೇ ಇಟ್ಟುಕೊಂಡಿದ್ದೆ. ಮೀಟರ್ ಕೈಯಲ್ಲಿತ್ತಲ್ಲ, ಅದಕ್ಕೂ ಹಾಕಿದೆ. 250 ವ್ಯಾಟ್. ಹಗಲು ರಾತ್ರಿ, ಭಾನುವಾರವೂ ಸೇರಿ ವರ್ಷಕ್ಕೆ 2,190 ಯೂನಿಟ್. 200 ಹೊಸ ಲ್ಯಾಪ್‌ಟಾಪ್ ಕೊಂಡು ಉಳಿಸುತ್ತೇನೆಂದು ದಪ್ಪಕ್ಷರದಲ್ಲಿ ಬರೆದಿದ್ದಕ್ಕಿಂತ ಹೆಚ್ಚನ್ನು ಇದೊಂದೇ ತಿನ್ನುತ್ತಿತ್ತು, ಅದೂ ಪ್ರೊಸೆಸರ್ ನೂರಕ್ಕೆ ಆರರಷ್ಟೂ ದುಡಿಯದೆ. ಗೂಗಲ್‌ನ ಲೂಯಿಸ್ ಬರೋಸೊ ಮತ್ತು ಉರ್ಸ್ ಹೋಲ್ಜ್ಲೆ 2007ರಲ್ಲೇ ಬರೆದಿದ್ದರು: ಸುಮ್ಮನೆ ಕೂತ ಸರ್ವರ್ ಕೂಡ ಪೂರ್ತಿ ದುಡಿಯುವಾಗ ಎಳೆಯುವುದರ ಅರ್ಧದಷ್ಟು ಕರೆಂಟ್ ಎಳೆಯುತ್ತದೆ ಎಂದು. ದಿನಕ್ಕೆ ಎಂಟು ತಾಸು ಓಡುವ ಲ್ಯಾಪ್‌ಟಾಪಿಗೂ ಎಂದೂ ಆರದ ಪೆಟ್ಟಿಗೆಗೂ ನಾನು ಒಂದೇ ನ್ಯಾಯ ಹಚ್ಚಿದ್ದೆ.

ಬದಲಿಗೆ ಹೊಸದನ್ನು ಕೊಳ್ಳಲಿಲ್ಲ. ಹಾಜರಾತಿಯ ಕೆಲಸವನ್ನು ಇನ್ನೊಂದು ಸರ್ವರಿನ ಒಳಗೆ ವರ್ಚುವಲ್ ಯಂತ್ರ (ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್) ಮಾಡಿ ಕೂರಿಸಿ, ಒಂದು ಶುಕ್ರವಾರ ಸಂಜೆ ಹಳೆಯದನ್ನು ಆರಿಸಿದೆ. ಸೋಮವಾರ ಫೋನ್ ಹೊಡೆದುಕೊಳ್ಳುತ್ತದೆಂದು ಕಾದೆ. ಯಾರೂ ಕೇಳಲಿಲ್ಲ. ಯಂತ್ರವನ್ನು ಕಳಚಿ ಹೊರಗೂ ಸಾಗಿಸಿದೆವು.

ಹದಿನೈದು ದಿನ ಕಳೆದ ಮೇಲೆ ಮೇಂಟೆನೆನ್ಸ್‌ನವರು ಬಾಗಿಲಲ್ಲಿ ನಿಂತು ಕೇಳಿದರು: “ಸರ್, ಆ ಒಳಕೋಣೇಲಿ ಈಗ ಏನೂ ಇಲ್ವಲ್ಲ. ಎಸಿ ಯಾಕೆ ಹದಿನೆಂಟರಲ್ಲಿ ಓಡ್ತಾ ಇದೆ?”