ಕೊಯ್ಲಿಗೆ ಮುಂಚೆ ಸೆಲೆನಿಯಂ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದಕ್ಕೆ ನಾನು ಜಾವಾದಲ್ಲಿ ಬರೆದುಕೊಟ್ಟಿರುವ ತಂತ್ರಾಂಶದ ಜೀವಾಳವೆಂದರೆ ಆವಕದ ಪುಟ. ಬೆಳೆಗಾರರ ಚೀಲಗಳು ಬಂದಿಳಿದಾಗ ತೂಕ, ತೇವಾಂಶ, ಅರೇಬಿಕಾ ಪಾರ್ಚ್‌ಮೆಂಟೋ ರೋಬಸ್ಟಾ ಚೆರ್ರಿಯೋ ಎಂಬ ವಿವರ, ಎಲ್ಲವೂ ಅಲ್ಲಿ ದಾಖಲಾಗುತ್ತದೆ. ಲೆಕ್ಕಾಚಾರದ ಭಾಗಕ್ಕೆ, ಕೋಡನ್ನು ತುಣುಕು ತುಣುಕಾಗಿ ಪರೀಕ್ಷಿಸುವ ಜೆಯುನಿಟ್ ಪರೀಕ್ಷೆಗಳಿವೆ. ಆದರೆ ಗುಮಾಸ್ತರು ಗುಂಡಿ ಒತ್ತಿದಾಗ ರಸೀದಿ ಬರುತ್ತದೆಯೇ ಎಂಬುದನ್ನು ಅವು ಹೇಳಲಾರವು. ಹಾಗಾಗಿ ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ, ಮನುಷ್ಯರಂತೆ ಬ್ರೌಸರನ್ನು ನಡೆಸಿ ವೆಬ್ ಪುಟಗಳನ್ನು ಪರೀಕ್ಷಿಸುವ ಸೆಲೆನಿಯಂ ಎಂಬ ಸಲಕರಣೆ ಅಳವಡಿಸಿದೆ.

ಅಳವಡಿಕೆ ಈಗ ಸಲೀಸು. ಮೇವನ್‌ನ ಪಾಮ್ ಕಡತದಲ್ಲಿ (ಜಾವಾ ಯೋಜನೆಗೆ ಬೇಕಾದ ಲೈಬ್ರರಿಗಳ ಪಟ್ಟಿ ಇರುವುದು ಇಲ್ಲೇ) ಸೆಲೆನಿಯಂ-ಜಾವಾವನ್ನು ಟೆಸ್ಟ್ ಸ್ಕೋಪಿನಲ್ಲಿ, ಅಂದರೆ ಪರೀಕ್ಷೆಗಷ್ಟೇ ಬಳಕೆಯಾಗುವಂತೆ, ಸೇರಿಸಿದರೆ ಆಯಿತು. ಮೊದಲೆಲ್ಲ ಕ್ರೋಮ್ ಅಪ್‌ಡೇಟ್ ಆದಾಗ ಅದಕ್ಕೆ ಹೊಂದುವ, ಸೆಲೆನಿಯಂಗೂ ಬ್ರೌಸರಿಗೂ ಕೊಂಡಿಯಾದ ಕ್ರೋಮ್‌ಡ್ರೈವರನ್ನು ಹುಡುಕಿ ಇಳಿಸಿಕೊಳ್ಳಬೇಕಿತ್ತು. 2022ರಲ್ಲಿ ಬಂದ 4.6ನೇ ಆವೃತ್ತಿಯಿಂದ ಸೆಲೆನಿಯಂ ಮ್ಯಾನೇಜರ್ ಆ ಉಸಾಬರಿಯನ್ನು ತಾನೇ ವಹಿಸಿಕೊಂಡಿದೆ. 4.14ರಿಂದ ಈಚೆಗೆ ಕನಿಷ್ಠ ಜಾವಾ 11 ಬೇಕು.

ನಿಜವಾಗಿ ಎಚ್ಚರ ಬೇಕಿರುವುದು ಕನ್ನಡ ಪಠ್ಯದ ವಿಷಯದಲ್ಲಿ. ನಮ್ಮ ಪುಟ ಪೂರ್ತಿ ಕನ್ನಡದಲ್ಲಿದೆ. ಗುಮಾಸ್ತರಿಗೆ ಅದೇ ಅನುಕೂಲ, ನನಗೂ ಅದೇ ಇಷ್ಟ. ಆದರೆ ‘ಪಾರ್ಚ್‌ಮೆಂಟ್’ ಎಂಬ ಪಠ್ಯವನ್ನೇ ಹಿಡಿದು ಹುಡುಕಿದರೆ, ಪರದೆಯ ಮೇಲೆ ಕಣ್ಣೆದುರೇ ಇರುವ ಆಯ್ಕೆಯನ್ನು ಸೆಲೆನಿಯಂ ಇಲ್ಲವೆನ್ನಬಹುದು. ಕೊನೆಯ ‘ಟ್’ ಆದ ಮೇಲೆ ಝಡ್‌ಡಬ್ಲ್ಯುಎನ್‌ಜೆ ಎಂಬ, ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ ಅಗೋಚರ ಅಕ್ಷರ ಪುಟ, ಪರೀಕ್ಷೆಯ ಕೋಡು ಇವೆರಡರಲ್ಲಿ ಒಂದು ಕಡೆ ಸೇರಿಕೊಂಡು ಇನ್ನೊಂದು ಕಡೆ ಇಲ್ಲದಿದ್ದರೆ ಸಾಕು, ನೋಡಲು ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಆದ್ದರಿಂದ ಪ್ರತಿಯೊಂದು ಆಯ್ಕೆಗೂ ಗುಂಡಿಗೂ ಐಡಿ ಕೊಟ್ಟು ಅದರಿಂದಲೇ ಹುಡುಕುತ್ತೇನೆ. ಪಠ್ಯವನ್ನೇ ಪರಿಶೀಲಿಸಬೇಕಾದಾಗ ಆ ಅಕ್ಷರವನ್ನು ಎರಡೂ ಕಡೆಯಿಂದ ತೆಗೆದು ಹೋಲಿಸುತ್ತೇನೆ. ಪಾಮ್ ಕಡತದಲ್ಲಿ, ಕೋಡಿನ ಅಕ್ಷರಗಳನ್ನು ಓದುವ ಪದ್ಧತಿಯಾದ ಸೋರ್ಸ್ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದಿರಲೇಬೇಕು. ಇಲ್ಲವಾದರೆ ಹಳೆಯ ಜಾವಾ ಇರುವ ವಿಂಡೋಸ್ ಯಂತ್ರದಲ್ಲಿ ಕೋಡಿನೊಳಗಿನ ಕನ್ನಡ ಕೆಟ್ಟುಹೋಗುತ್ತದೆ.

ಇನ್ನೊಂದು ಮಾತು. ತೂಕ, ತೇವಾಂಶ ತುಂಬಿದ ಮೇಲೆ ನಿವ್ವಳ ತೂಕ ಸರ್ವರಿನಿಂದ ಬರುತ್ತದೆ. ಇಂಥ ಕಡೆ ಥ್ರೆಡ್ ಸ್ಲೀಪ್ ಹಾಕಿ ಇಂತಿಷ್ಟು ಹೊತ್ತು ಸುಮ್ಮನೆ ಕಾಯಿಸುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಮಳೆಗೆ ಇಂಟರ್‌ನೆಟ್ ನಿಧಾನವಾದ ದಿನ ಆ ಪರೀಕ್ಷೆ ಬೀಳುತ್ತದೆ, ಉಳಿದ ದಿನ ಸಮಯ ದಂಡ. ಬದಲಿಗೆ ಸೆಲೆನಿಯಂನದೇ ಆದ ವೆಬ್‌ಡ್ರೈವರ್‌ವೇಟ್‌ಗೆ ಹತ್ತು ಸೆಕೆಂಡಿನ ಮಿತಿ ಕೊಟ್ಟರೆ ಅದು ಅರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡಿ, ಅಂಕಿ ಕಂಡ ಕೂಡಲೇ ಮುಂದುವರಿಯುತ್ತದೆ.

ಮುದ್ರಣದ ಪುಟ ಇನ್ನೂ ಬಾಕಿ. ಪುಟವನ್ನು ಪಿಡಿಎಫ್ ಆಗಿ ಪಡೆಯುವ ಸೌಲಭ್ಯ ಸೆಲೆನಿಯಂ 4ರಲ್ಲಿದೆ. ಬೆಳೆಗಾರರ ಕೈಸೇರುವ ರಸೀದಿಯನ್ನು ಅದರಿಂದಲೇ ಪರೀಕ್ಷಿಸಬೇಕೆಂದಿದ್ದೇನೆ.